ಎದೆಯುರಿಗೆ ನಾನು ಹೇಳಿಕೊಟ್ಟ ಕಸರತ್ತು

ತಪ್ಪು ಮಾಡಿದವನು ನಾನು. ಹೊಟ್ಟೆಯ ಹುಳಿ ಗಂಟಲಿಗೆ ಏರುವ ಕಾಯಿಲೆಗೆ, ಅರ್ಧಂಬರ್ಧ ತಿಳಿದುಕೊಂಡು, ನಾಲ್ಕು ತಾಲೂಕಿನ ಜನಕ್ಕೆ ಕಸರತ್ತು ಹೇಳಿಕೊಟ್ಟೆ. ನನ್ನನ್ನು ಕರೆದು ಕೇಳಿದವರು ಕಡಿಮೆ, ನಾನೇ ಹುಡುಕಿಕೊಂಡು ಹೋಗಿ ಹೇಳಿದ್ದು ಹೆಚ್ಚು. ಚನ್ನಗಿರಿ ಆಯಿತು, ಹೊನ್ನಾಳಿ ಆಯಿತು, ನ್ಯಾಮತಿ ಆಯಿತು. ಕೊನೆಗೆ ಜಗಳೂರಿನಲ್ಲಿ ಒಬ್ಬ ಹೆಣ್ಣುಮಗಳ ಹಾಡುವ ಗಂಟಲಿಗೇ ಕೈ ಹಾಕಿದೆ.

ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ಹೇಳುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಸ್ಸಿಳಿದು ಬರುತ್ತದೆ. ಈ ಪ್ರಸಂಗಗಳನ್ನು ನಮ್ಮ ಕಡೆ ಜನ ಹೇಳಿಕೊಂಡು ನಗುತ್ತಾರೆ. ನಗಲಿ, ನಗುವಂಥವೇ. ನನಗೆ ಮಾತ್ರ ನಗು ಅರ್ಧಕ್ಕೆ ನಿಂತುಬಿಡುತ್ತದೆ.

ನಾನು ಓದಿದ್ದು ಏಳನೇ ಕ್ಲಾಸು. ಅರ್ಜಿ ಬರೆಯುವುದನ್ನು ಕಲಿತದ್ದು ಅರ್ಜಿ ವಾಪಸ್ ಬಂದು ಬಂದು. ಕಾನೂನು ಕಲಿತದ್ದು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ. ಭಾಷಣ ಕಲಿತದ್ದು ದೊಡ್ಡವರ ಕೆಟ್ಟ ಭಾಷಣಗಳನ್ನು ಕೇಳಿ. ಹೀಗೆ ಎಲ್ಲವನ್ನೂ ಗುರುವಿಲ್ಲದೆ ಕಲಿತವನಿಗೆ ಒಂದು ಜಂಬ ಅಂಟಿಕೊಳ್ಳುತ್ತದೆ. ಕಲಿಯದೇ ಇದ್ದದ್ದೂ ತನಗೆ ಬರುತ್ತದೆ ಅನ್ನುವ ಜಂಬ.

ಹೋರಾಟ ಮಾಡುವವರ ಹೊಟ್ಟೆಯ ಕಥೆ ಯಾರೂ ಬರೆಯುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರು ಟೀ, ಮಧ್ಯಾಹ್ನ ಶಾಮಿಯಾನದ ಕೆಳಗೆ ಮಂಡಕ್ಕಿ ಮೆಣಸಿನಕಾಯಿ, ಮಧ್ಯೆ ಮಧ್ಯೆ ಉಪವಾಸ, ಉಪವಾಸ ಮುರಿಯಲು ಮತ್ತೆ ಮಂಡಕ್ಕಿ ಮೆಣಸಿನಕಾಯಿ. ಐವತ್ತು ದಾಟುವಷ್ಟರಲ್ಲಿ ನನಗೆ ಎದೆಯುರಿ ಹಿಡಿಯಿತು. ಬಗ್ಗಿದರೆ ಹುಳಿನೀರು ಬಾಯಿಗೆ ಬರುತ್ತಿತ್ತು. ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಅರ್ಧ ನೋಡಿದೆ. ಹೊಟ್ಟೆಯ ಸ್ನಾಯು ಗಟ್ಟಿ ಮಾಡುವ ಕಸರತ್ತುಗಳು ಆ ಮೊದಲ ಅರ್ಧದಲ್ಲಿದ್ದವು. ಎದೆಯುರಿ ಇರುವವರು ಇವನ್ನು ಮಾಡಬಾರದು ಎಂಬುದು ಎರಡನೇ ಅರ್ಧದಲ್ಲಿತ್ತಂತೆ. ಅದನ್ನು ನಾನು ನೋಡಿದ್ದು ಬಹಳ ತಡವಾಗಿ.

ಇನ್ನು ಆ ಹಾಡುವ ಅಕ್ಕನ ವಿಷಯ. ಜಗಳೂರು ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಎಲ್ಲರೂ ಹಾಡಿನಕ್ಕ ಅನ್ನುತ್ತಾರೆ. ಸೋಬಾನೆಯಿಂದ ಹಿಡಿದು ಹೋರಾಟದ ಹಾಡಿನವರೆಗೆ ಎಲ್ಲವೂ ಅವಳಿಗೆ ಬಾಯಿಪಾಠ. ನಮ್ಮ ಪ್ರತಿಯೊಂದು ಧರಣಿಯೂ ಅವಳ ಹಾಡಿನಿಂದ ಶುರು. ಜನ ಅವಳ ಹಾಡಿಗೆ ಬರುತ್ತಿದ್ದರು, ಎದ್ದು ಹೋದರೆ ಚೆನ್ನಾಗಿರುವುದಿಲ್ಲ ಅಂತ ನನ್ನ ಭಾಷಣಕ್ಕೆ ಕೂರುತ್ತಿದ್ದರು. ಅಂಥವಳ ದನಿ ಒಡೆಯತೊಡಗಿತು. ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಜಲ್ಲಿಕಲ್ಲು, ಬಾಯಲ್ಲಿ ಹುಳಿ. ತಾಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿಯ ಡಾಕ್ಟರು ದಾವಣಗೆರೆಗೆ ಹೋಗಿ ಗಂಟಲಿನ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು. ಅಕ್ಕ ಆ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ತಮ್ಮಾ, ಮಗಳಿಗೆ ಈಗ ಏಳು ತಿಂಗಳು. ಮಗಳ ಮಗೀನ ತೊಟ್ಲು ಹಾಡು ನಾನೇ ಹಾಡಬೇಕು. ಅಷ್ಟೊತ್ತಿಗೆ ದನಿ ಸರಿ ಆದ್ರೆ ಸಾಕು. ದಾವಣಗೆರೆಗೆ ಹೋಗ್ಲಾ?”

ಆಸ್ಪತ್ರೆ ಬೇಕು ಅಂತ ಊರೂರಿನಲ್ಲಿ ಧರಣಿ ಕೂತವನು ನಾನು. ಆ ಬಾಯಲ್ಲೇ ಹೇಳಿದೆ: “ದಾವಣಗೆರೆ ಯಾಕಕ್ಕಾ? ಹೊಟ್ಟೆ ಸರಿ ಆದ್ರೆ ಗಂಟಲು ತಾನೇ ಸರಿ ಆಗತೈತೆ. ಕಸರತ್ತು ನಾನು ಹೇಳಿಕೊಡ್ತೀನಿ.”

ಅವಳು ಚೀಟಿಯನ್ನು ಮಡಚಿ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಅವತ್ತು ಅವಳನ್ನು ಬಸ್ಸಿಗೆ ಹತ್ತಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

*ಇಟ್ಟಿಗೆ*

ಚನ್ನಗಿರಿ ತಾಲೂಕಿನ ನಲ್ಲೂರಿನಲ್ಲಿ ನಮ್ಮ ಹೋರಾಟದ ಸಂಘದ ಒಬ್ಬ ಟೈಲರ್ ಇದ್ದಾನೆ. ಬಗ್ಗಿ ಹೊಲಿಗೆ ಹಾಕಿ ಹಾಕಿ ಅವನಿಗೂ ಎದೆಯುರಿ. ಸಭೆ ಮುಗಿಸಿ ಅವನ ಮನೆಗೆ ಹೋದಾಗ ನಾನು ಮಂಚ ನೋಡಿದೆ, ತಲೆಯ ಕಡೆಯ ಎರಡು ಕಾಲಿಗೆ ಒಂದೊಂದು ಇಟ್ಟಿಗೆ ಕೊಡು ಅಂದೆ. ತಲೆ ಎತ್ತರದಲ್ಲಿದ್ದರೆ ಹುಳಿ ಮೇಲೆ ಬರುವುದಿಲ್ಲ. ಈ ಮಾತು ಸರಿಯೇ. ನಾನು ಹೇಳಿದ್ದರಲ್ಲಿ ಸರಿಯಾದ ಮಾತುಗಳೂ ಇದ್ದವು. ಸರಿಯಾದ ಮಾತು ಹೇಳಿಯೂ ಜನರನ್ನು ಹಾಳು ಮಾಡಬಹುದು ಎಂದು ಆಮೇಲೆ ಗೊತ್ತಾಯಿತು.

ಹದಿನೈದು ದಿನ ಬಿಟ್ಟು ನಾನೂ ಅಕ್ಕನೂ ಮತ್ತೆ ಆ ದಾರಿಯಲ್ಲಿ ಬಂದೆವು. ಟೈಲರ್ ಮುಖ ಹಿಂಡಿದ ನಿಂಬೆಹಣ್ಣಿನ ಹಾಗೆ ಆಗಿತ್ತು. ಮೊದಲು ಎದೆಗೆ ಬರುತ್ತಿದ್ದದ್ದು ಈಗ ಮೂಗಿಗೇ ಬರುತ್ತದೆ ಅಂದ. ಇಟ್ಟಿಗೆ ಇಟ್ಟಿದ್ದೀಯಾ ಅಂತ ಕೇಳಿದೆ. ಇಟ್ಟಿದ್ದೀನಿ ಬನ್ನಿ ಅಂತ ಒಳಗೆ ಕರೆದುಕೊಂಡು ಹೋದ. ಬರೀ ಇಟ್ಟಿದ್ದಲ್ಲ, ಅಲುಗಾಡದ ಹಾಗೆ ಸಿಮೆಂಟ್ ಮೆತ್ತಿಸಿದ್ದ. ಆದರೆ ದಿಂಬು ಇದ್ದದ್ದು ಇನ್ನೊಂದು ಕೊನೆಗೆ.

ವಿಷಯ ಇಷ್ಟೇ. ಸಿಮೆಂಟ್ ಹಾಕಿದ ದಿನ ಅವನ ತಾಯಿ ಬಂದು ನೋಡಿದ್ದಾರೆ. ಮಗನ ತಲೆ ಉತ್ತರಕ್ಕೆ. ಅದು ಹೆಣದ ದಿಕ್ಕು ಕಣೋ, ತಿರುಗಿ ಮಲಗು ಅಂದಿದ್ದಾರೆ. ಮಗ ತಾಯಿಯ ಮಾತು ಮೀರುವವನಲ್ಲ, ನನ್ನ ಮಾತೂ ಮೀರುವವನಲ್ಲ. ಇಟ್ಟಿಗೆ ನನ್ನ ಮಾತಿನಂತೆ ಅಲ್ಲೇ ಉಳಿಯಿತು. ತಲೆ ತಾಯಿಯ ಮಾತಿನಂತೆ ತಿರುಗಿತು.

ನಾನು ಸಿಟ್ಟಾಗಿ ಬೈಯಲು ಬಾಯಿ ತೆಗೆದೆ. ಅಕ್ಕ ತಡೆದಳು. “ಹದಿನೈದು ದಿನದಿಂದ ಬಾವಲಿ ಹಂಗೆ ತಲೆಕೆಳಗಾಗಿ ನೇತಾಡ್ಯಾನೆ ಪಾಪ. ಇನ್ನೂ ಇಳಿದಿಲ್ಲ, ಈಗಲೇ ಬೈತೀಯಲ್ಲ” ಅಂದಳು.

ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು. ಅವಳ ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಹೊರಗೆ ಹೋಗಿ ನೀರು ಕುಡಿದು ಬಂದಳು. ನಾನು ಟೈಲರಿಗೆ ಸಿಮೆಂಟ್ ಒಡೆಯುವುದು ಹೇಗೆ ಅಂತ ಹೇಳಿಕೊಡುವುದರಲ್ಲಿ ಮುಳುಗಿದ್ದೆ.

*ಬಗ್ಗದ ಮದುಮಗ*

ಹೊನ್ನಾಳಿಯಲ್ಲಿ ನಮ್ಮ ಸಂಘದವರೊಬ್ಬರ ಮಗಳ ಮದುವೆ. ಅಕ್ಕನನ್ನು ಸೋಬಾನೆ ಹೇಳಲು ಕರೆದಿದ್ದರು, ನನ್ನನ್ನು ಹಾಗೇ ಕರೆದಿದ್ದರು. ಊಟಕ್ಕೆ ಮೊದಲು ಮದುಮಗ ಕೈತೊಳೆಯುವ ಕಡೆ ಎದೆ ಒತ್ತಿಕೊಂಡು ನಿಂತಿದ್ದ. ಮೂರು ದಿನದಿಂದ ನಿದ್ದೆ ಇಲ್ಲ, ಬರೀ ಟೀ, ಎದೆ ಉರಿಯುತ್ತದೆ ಸಾರ್ ಅಂದ. ರೋಗಿ ಸಿಕ್ಕ ಖುಷಿಯಲ್ಲಿ ನಾನು ಅವನ ಹೆಗಲ ಮೇಲೆ ಕೈ ಹಾಕಿದೆ. ನಿಧಾನ ಉಣ್ಣು, ಉಂಡ ಮೇಲೆ ಎರಡು ಗಂಟೆ ಯಾವ ಕಾರಣಕ್ಕೂ ಬಗ್ಗಬೇಡ ಅಂದೆ. ಯಾವ ಕಾರಣಕ್ಕೂ ಅನ್ನುವುದನ್ನು ಎರಡು ಸಲ ಹೇಳಿದೆ. ಭಾಷಣದ ಚಟ.

ಊಟವಾಯಿತು. ಹೆಣ್ಣು ಒಪ್ಪಿಸಿ ಕಳಿಸುವ ಹೊತ್ತು. ಹೆಣ್ಣಿನ ಕಡೆಯ ಹಿರಿಯರು ಸಾಲಾಗಿ ಚಾಪೆಯ ಮೇಲೆ ಕೂತರು. ಮದುಮಗಳು ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ಮದುಮಗ ವಿದ್ಯುತ್ ಕಂಬದ ಹಾಗೆ ನಿಂತೇ ಇದ್ದ. ಅವಳು ಎರಡನೆಯವರಿಗೆ ಬಗ್ಗಿದಳು. ಇವನು ಕೈ ಮುಗಿದ, ಬಗ್ಗಲಿಲ್ಲ. ಹೆಣ್ಣಿನ ಸೋದರಮಾವನ ಮುಖ ಕೆಂಪಾಯಿತು. ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ಇಷ್ಟು ಸೊಕ್ಕೇ ಅಂದರು. ಮದುಮಗ ಬೆವರು ಒರೆಸಿಕೊಂಡು, ಉಂಡು ಇನ್ನೂ ಅರ್ಧ ಗಂಟೆ ಆಗಿಲ್ಲ ಮಾವಾ ಅಂದ. ಯಾರು ಹೇಳಿದ್ದು ಅಂತ ಕೇಳಿದರು. ಅವನು ಬೆರಳು ತೋರಿಸಿದ. ಇಡೀ ಮದುವೆಮನೆ ನನ್ನ ಕಡೆ ತಿರುಗಿತು.

ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕಾಲಿಗೆ ಬೀಳುವುದೇ ಗುಲಾಮಗಿರಿ, ಹುಡುಗ ಬಗ್ಗದಿದ್ದದ್ದೇ ಒಳ್ಳೆಯದಾಯಿತು ಅಂತ ಶುರು ಮಾಡಿದೆ. ಸೋದರಮಾವ ಎದ್ದು ನಿಂತರು. ಎರಡು ಕಡೆಯವರೂ ಎದ್ದು ನಿಂತರು. ಒಂದು ಎದೆಯುರಿಯಿಂದ ಒಂದು ಸಂಬಂಧ ಮುರಿಯುವುದರಲ್ಲಿತ್ತು.

ಅಕ್ಕ ಮುಂದೆ ಬಂದಳು. “ಅವನು ಕೆಳಗೆ ಬರಾಕೆ ಆಗಲ್ಲ ಅಂದ್ರೆ ನೀವು ಮ್ಯಾಲೆ ಹೋಗ್ರಿ. ಜಗಲಿ ಯಾಕೈತೆ?”

ಹಿರಿಯರನ್ನೆಲ್ಲ ಜಗಲಿಯ ಮೇಲೆ ಹತ್ತಿಸಿ ನಿಲ್ಲಿಸಿದರು. ಅಜ್ಜಿಯನ್ನು ಇಬ್ಬರು ಎತ್ತಿ ಹಿಡಿದುಕೊಂಡರು. ಮದುಮಗ ನೆಟ್ಟಗೆ ನಿಂತು, ತನ್ನ ಎದೆಯ ಮಟ್ಟದಲ್ಲಿದ್ದ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆ ಫೋಟೋ ಈಗಲೂ ಅವರ ಮನೆಯ ಗೋಡೆಯ ಮೇಲಿದೆ. ನೋಡಿದವರು, ನೆರೆ ಬಂದು ಊರಿನ ಹಿರಿಯರೆಲ್ಲ ಜಗಲಿ ಹತ್ತಿದ ದಿನ ಅಂದುಕೊಳ್ಳುತ್ತಾರೆ.

ಆಮೇಲೆ ಅಕ್ಕ ಸೋಬಾನೆ ಎತ್ತಿದಳು. ಎರಡನೇ ನುಡಿಯ ಎತ್ತರದಲ್ಲಿ ದನಿ ಹರಿದುಹೋಯಿತು. ಸುತ್ತಲಿನ ಹೆಂಗಸರು ತಕ್ಷಣ ಹಾಡನ್ನು ಎತ್ತಿಕೊಂಡು ಅದನ್ನು ಮುಚ್ಚಿದರು. ಹೆಣ್ಣು ಕಳಿಸುವ ದುಃಖಕ್ಕೆ ಗಂಟಲು ಕಟ್ಟಿತು ಅಂದುಕೊಂಡು ನಾನು ಚಪ್ಪಾಳೆ ತಟ್ಟಿದೆ.

*ಉಂಡ ಮೇಲೆ ನಡಿಗೆ*

ನ್ಯಾಮತಿ ತಾಲೂಕಿನ ಸವಳಂಗದ ಹತ್ತಿರ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಕೂಲಿಯ ವಿಷಯಕ್ಕೆ ನಮ್ಮನ್ನು ಕರೆದಿದ್ದರು. ನಾವು ಹೋದಾಗ ಅವರು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಕೂಲಿಯ ಮಾತು ಮುಗಿಯುತ್ತಲೇ ನಾನು ಯಾರಿಗೆ ಎದೆಯುರಿ ಇದೆ ಅಂತ ಕೇಳಿದೆ. ಮುಕ್ಕಾಲು ಪಾಲು ಕೈ ಮೇಲೆ ಬಂದವು. ನನಗೆ ಹುರುಪು ಬಂತು. ಉಂಡ ತಕ್ಷಣ ಬಗ್ಗಬೇಡಿ ಅಂತ ಘೋಷಣೆಯ ಧಾಟಿಯಲ್ಲಿ ಹೇಳಿದೆ.

ಕುಡಗೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಒಬ್ಬ ಹಿರಿಯಾಕೆ ರೊಟ್ಟಿ ಮುರಿಯುತ್ತಾ ನನ್ನನ್ನು ನೋಡಿದಳು. “ನಾವು ಬಗ್ಗದಿದ್ರೆ ನೀನು ಏನು ಉಣ್ತೀಯಪ್ಪಾ?”

  ಅಂಥ ಮಾತು ಕೇಳಿ ಕೂರುವ ಜಾತಿ ನನ್ನದಲ್ಲ. ನೇರ ಹೊಲದ ಯಜಮಾನನ ಹತ್ತಿರ ಹೋದೆ. ಉಂಡ ಮೇಲೆ ಇವರಿಗೆ ಅರ್ಧ ಗಂಟೆ ನಿಧಾನ ನಡಿಗೆ ಬೇಕು, ಅದು ಆರೋಗ್ಯಕ್ಕೆ ಅಗತ್ಯ, ಕೊಡದಿದ್ದರೆ ನಾಳೆಯಿಂದ ಕೆಲಸ ಬಂದ್ ಅಂತ ಗುಡುಗಿದೆ. ಆತ ಜಗಳಕ್ಕೆ ಬರಲಿಲ್ಲ. ಕೈ ಮುಗಿದ. ನೀವು ಹೇಳುವುದು ನೂರಕ್ಕೆ ನೂರು ಸರಿ, ನನ್ನ ಡಾಕ್ಟರೂ ನನಗೆ ನಡಿಗೆ ಹೇಳಿದ್ದಾರೆ, ನಾಳೆಯಿಂದಲೇ ಜಾರಿ ಅಂದ. ಇಷ್ಟು ಸುಲಭದ ಗೆಲುವು ನನ್ನ ಜೀವನದಲ್ಲೇ ಆಗಿರಲಿಲ್ಲ. ಬಸ್ಸಿನಲ್ಲಿ ಅಕ್ಕನಿಗೆ ಅದನ್ನೇ ಹೇಳಿಕೊಂಡು ಬಂದೆ. ಅವಳು ಗಂಟಲಿಗೆ ಸೆರಗು ಸುತ್ತಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಇಷ್ಟು ಬೇಗ ಒಪ್ಪಿದ ಯಜಮಾನನನ್ನು ತಾನು ಕಂಡಿಲ್ಲ ಅಂದಳು, ಅಷ್ಟೇ.

ವಾರ ಬಿಟ್ಟು ಆ ಹಿರಿಯಾಕೆ ಫೋನ್ ಮಾಡಿದಳು. ಆ ಯಜಮಾನನಿಗೆ ಎರಡು ಹೊಲ. ಬೆಳಿಗ್ಗೆ ಒಂದರಲ್ಲಿ ಕೆಲಸ, ಮಧ್ಯಾಹ್ನ ದೂರದ ಇನ್ನೊಂದರಲ್ಲಿ. ಮೊದಲೆಲ್ಲ ಊಟವಾದ ಮೇಲೆ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಈಗ ಟ್ರ್ಯಾಕ್ಟರ್ ನಿಲ್ಲಿಸಿದ್ದಾನೆ. ಕೇಳಿದರೆ, ನಿಮ್ಮ ಲೀಡರೇ ನಡೆಸಿ ಅಂದಿದ್ದಾರೆ, ನಾನು ಮೀರಲಾರೆ ಅನ್ನುತ್ತಾನಂತೆ.

“ಇನ್ನೊಂದು ಸಲ ನಮ್ಮ ಪರವಾಗಿ ಹೋರಾಡಬೇಕು ಅನಸಿದ್ರೆ, ಮೊದಲು ನಮ್ಮನ್ನ ಒಂದು ಮಾತು ಕೇಳಪ್ಪಾ” ಅಂದು ಫೋನ್ ಇಟ್ಟಳು.

ಮರುದಿನ ಹೋಗಿ ಯಜಮಾನನ ಜೊತೆ ಕಚ್ಚಾಡಿ ಟ್ರ್ಯಾಕ್ಟರ್ ಬಿಡಿಸಿದೆ. ನಾನೇ ಕಳೆದುಹಾಕಿದ್ದನ್ನು ನಾನೇ ಗೆದ್ದುಕೊಟ್ಟೆ. ಸಂಘದ ಪುಸ್ತಕದಲ್ಲಿ ಅದನ್ನು ಜಯ ಅಂತಲೇ ಬರೆದೆ.

*ನನ್ನ ಎಡ, ಅವರ ಬಲ*

ಇದು ಜಗಳೂರಿನದು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳಬೇಕು.

ಬಿಸಿಯೂಟದ ಅಡುಗೆಯವರಿಗೆ ಹೊಗೆ, ಖಾಲಿ ಹೊಟ್ಟೆ, ಮಕ್ಕಳೆಲ್ಲ ಉಂಡ ಮೇಲೆ ಗಬಗಬ ಊಟ. ಎಲ್ಲರಿಗೂ ಎದೆಯುರಿ. ಅವರನ್ನೆಲ್ಲ ಸಮುದಾಯ ಭವನದಲ್ಲಿ ಸೇರಿಸಿ ನಾನು ಶಿಬಿರ ಮಾಡಿದೆ. ಮೊದಲು ಊಟ ಹಾಕಿಸಿದೆ. ಉಂಡವರು ಮನೆಗೆ ಹೋಗಿಬಿಡುತ್ತಾರೆ ಅಂತ ಊಟವಾದ ತಕ್ಷಣವೇ ಕಸರತ್ತು ಶುರು ಮಾಡಿದೆ. ಅಂಗಾತ ಮಲಗಿ, ಕೈ ತಲೆಯ ಹಿಂದೆ ಇಟ್ಟು, ಸೊಂಟ ಮಡಚಿ ಏಳಬೇಕು. ಹೊಟ್ಟೆಯನ್ನು ಹಿಂಡಿ ಹುಳಿಯನ್ನು ಗಂಟಲಿಗೆ ತಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತ ಈಗ ಗೊತ್ತಿದೆ. ಅವತ್ತು ಒಂದು, ಎರಡು ಅಂತ ಎಣಿಸಿದೆ. ನಾಲ್ಕಕ್ಕೇ ಇಬ್ಬರು ಎದ್ದು ಹೊರಗೆ ಓಡಿದರು. ಹೊಟ್ಟೆಯ ಕೊಳೆ ಹೋಗುತ್ತಿದೆ, ಮುಂದುವರಿಸಿ ಅಂದೆ.

ಆಮೇಲೆ ಮಲಗುವ ಪಾಠ. ಎಡ ಮಗ್ಗುಲಿಗೆ ಮಲಗಬೇಕು, ಆಗ ಹುಳಿ ಹೊಟ್ಟೆಯಲ್ಲೇ ಉಳಿಯುತ್ತದೆ. ಇದು ಸರಿಯಾದದ್ದೇ. ಮೈಕು ಕೆಟ್ಟಿತ್ತು, ನನ್ನ ಗಂಟಲೂ ಕೆಟ್ಟಿತ್ತು. ಮಾತು ಬೇಡ, ನಾನು ಮಾಡಿದ ಹಾಗೆ ಮಾಡಿ ಅಂತ ಕೈಸನ್ನೆ ಮಾಡಿ ವೇದಿಕೆಯ ಮೇಲೆ ಜನರ ಕಡೆ ಮುಖ ಮಾಡಿ ಎಡ ಮಗ್ಗುಲಿಗೆ ಮಲಗಿದೆ. ಅವರು ನನ್ನ ತಲೆ ಯಾವ ಗೋಡೆಯ ಕಡೆ ಇತ್ತೋ ಅದೇ ಗೋಡೆಯ ಕಡೆ ತಲೆ ಹಾಕಿ, ನನ್ನ ಮುಖ ನೋಡುತ್ತಾ ಮಲಗಿದರು. ಕನ್ನಡಿಯಲ್ಲಿ ಎಡ ಬಲವಾಗುವ ಹಾಗೆ ಇಡೀ ಸಭೆ ಬಲ ಮಗ್ಗುಲಿಗೆ ಮಲಗಿತ್ತು. ಎಷ್ಟು ಶಿಸ್ತಾಗಿ ಮಲಗಿದ್ದಾರೆ ಅಂತ ನನಗೆ ಕಣ್ಣು ತುಂಬಿ ಬಂತು.

ಉಳಿದವರು ನನ್ನ ಪಾಠವನ್ನು ಮನೆ ಮುಟ್ಟುವ ಮೊದಲೇ ಮರೆತರು, ಬದುಕಿಕೊಂಡರು. ಅಕ್ಕ ಮರೆಯಲಿಲ್ಲ. ಮೊಮ್ಮಗುವಿಗೆ ಹಾಡಬೇಕಿತ್ತಲ್ಲ. ದಿನವೂ ಉಂಡ ಮೇಲೆ ಎದ್ದು ಮಲಗಿ ಎದ್ದು ಮಲಗಿ, ರಾತ್ರಿಯಿಡೀ ಬಲ ಮಗ್ಗುಲು. ಒಂದು ತಿಂಗಳು ಆದ ಮೇಲೆ ಕೇಳಿದೆ, ಹೆಂಗೈತಕ್ಕಾ ಅಂತ. ಅವಳ ಬಾಯಿಂದ ಗಾಳಿ ಬಂತು, ದನಿ ಬರಲಿಲ್ಲ.

ಶಾಲೆಯ ಮಕ್ಕಳನ್ನು ಅವಳು ಹಾಡಿ ಊಟಕ್ಕೆ ಕರೆಯುವುದು ರೂಢಿ. ಆ ವಾರದಿಂದ ತಟ್ಟೆ ಬಡಿದು ಕರೆಯತೊಡಗಿದಳಂತೆ. ಮಕ್ಕಳು ಮೇಷ್ಟ್ರ ಹತ್ತಿರ ಹೋಗಿ, ಅಕ್ಕ ನಮ್ಮ ಮೇಲೆ ಸಿಟ್ಟಾಗ್ಯಾಳೆ ಅಂತ ದೂರು ಕೊಟ್ಟರು.

*ಯಾರು ಹೇಳಿಕೊಟ್ಟದ್ದು?*

ಎಲೆಅಡಿಕೆ ಚೀಲದಲ್ಲಿ ಮಡಚಿಟ್ಟ ಚೀಟಿ ಹಿಡಿದು ದಾವಣಗೆರೆಗೆ ಹೋದೆವು. ಗಂಟಲಿನ ಡಾಕ್ಟರು ಹೆಣ್ಣುಮಗಳು, ತಾಳ್ಮೆಯವರು. ಕೊಳವೆ ಇಳಿಸಿ ನೋಡಿದರು. ಹೊಟ್ಟೆಯ ಹುಳಿ ಮೇಲೆ ಬಂದು ಬಂದು ದನಿಯ ತಂತುಗಳು ಬೆಂದ ಹಾಗಾಗಿವೆ ಅಂದರು. ಏನೇನು ಮಾಡಿದಿರಿ ಅಂತ ಕೇಳಿದರು. ಅಕ್ಕನಿಗೆ ಮಾತು ಬರದಿದ್ದರಿಂದ ನಾನೇ ಹೇಳಿದೆ. ಉಂಡ ಮೇಲೆ ಕಸರತ್ತು, ಎಷ್ಟು ಸಲ, ಯಾವ ಮಗ್ಗುಲು, ಎಲ್ಲ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಮಾಡಬಾರದ್ದನ್ನ ಹುಡುಕಿ ಹುಡುಕಿ ಮಾಡಿದ್ದೀರಿ. ಇದನ್ನೆಲ್ಲ ಯಾರು ಹೇಳಿಕೊಟ್ಟದ್ದು?”

ನಾನು ಕಿಟಕಿಯ ಕಡೆ ನೋಡಿದೆ. ಐದು ದಿನದಿಂದ ಒಂದಕ್ಷರ ಆಡಲಾಗದಿದ್ದ ಅಕ್ಕನಿಗೆ ಅದೆಲ್ಲಿಂದ ಬಂತೋ, ಇಡೀ ಕೋಣೆಗೆ ಕೇಳುವ ಹಾಗೆ ಬಂತು: “ಇವರೇ ರೀ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸರಿಯಾದದ್ದನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಊಟಕ್ಕೆ ಮೊದಲು, ತಲೆ ಸ್ವಲ್ಪ ಎತ್ತರಕ್ಕಿಟ್ಟು ಮಲಗಿ, ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ಉಸಿರು ಎಳೆದಾಗ ಹೊಟ್ಟೆ ಏಳಬೇಕು, ಎದೆ ಅಲುಗಬಾರದು. ನಿಧಾನ ಬಿಡಬೇಕು. ಎದೆಗೂ ಹೊಟ್ಟೆಗೂ ನಡುವೆ ಪರದೆಯಂಥ ಒಂದು ಸ್ನಾಯು ಇದೆ, ಅದು ಗಟ್ಟಿಯಾದರೆ ಹುಳಿಗೆ ಬಾಗಿಲು ಮುಚ್ಚಲು ಸಹಾಯ. ಉಂಡ ಮೇಲೆ ಆರಾಮಾಗಿ ಒಂದಷ್ಟು ಓಡಾಟ, ಬಗ್ಗುವುದು ಬೇಡ, ಹೊಟ್ಟೆ ಹಿಂಡುವುದು ಬೇಡ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ. ಅವಳದೇ ಎಡ ಮಗ್ಗುಲು. ಜೊತೆಗೆ ಮಾತ್ರೆ, ತಪ್ಪಿಸದೆ. ಕಸರತ್ತು ಮಾತ್ರೆಗೆ ಬದಲಿಯಲ್ಲ, ಜೊತೆ ಅಂದರು. ಹಾಡು ಮಾತ್ರ ಸದ್ಯಕ್ಕೆ ಬಂದ್. ನನ್ನ ಗಂಟಲನ್ನೂ ನೋಡಿ, ನಿಮ್ಮ ಘೋಷಣೆಯೂ ಬಂದ್ ಅಂದರು. ನಮ್ಮ ಸಂಘದಲ್ಲಿ ಈ ಸುದ್ದಿ ಕೇಳಿ ಕೆಲವರು ಡಾಕ್ಟರ ವಿಳಾಸ ಕೇಳಿದರು, ಸನ್ಮಾನ ಮಾಡಲು.

*ತೊಟ್ಟಿಲು*

ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಅಕ್ಕನ ಮನೆ ತುಂಬ ಜನ. ನೂರು ಮನೆಯ ಮಕ್ಕಳಿಗೆ ಹಾಡಿದವಳು ತನ್ನ ಮೊಮ್ಮಗಳ ತೊಟ್ಟಿಲ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದಳು. ಉಳಿದ ಹೆಂಗಸರಿಗೆ ಅವಳ ಮುಂದೆ ಹಾಡಲು ಸಂಕೋಚ. ಕೊನೆಗೆ ಅಳಿಯ ಫೋನಿನಲ್ಲಿ ಒಂದು ಜೋಗುಳ ಹಾಕಿ ತೊಟ್ಟಿಲ ಪಕ್ಕಕ್ಕಿಟ್ಟ. ಎರಡು ಸಾಲು ಆಯಿತು. ಹಾಡು ನಿಂತು ಒಬ್ಬ ಗಂಡಸು ಗಟ್ಟಿಯಾಗಿ ಕೇಳಿದ, ನಿಮಗೆ ಹುಳಿತೇಗು ಎದೆಯುರಿ ಇದೆಯೇ, ಇಂದೇ ನಮ್ಮ ಮಾತ್ರೆ ತೆಗೆದುಕೊಳ್ಳಿ ಅಂತ.

ಜಾಹೀರಾತು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಕ್ಕನೂ ನಕ್ಕಳು, ದನಿಯಿಲ್ಲದೆ, ಹೆಗಲು ಕುಲುಕಿಸಿ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹೊರಗೆ ಹೋಗಿ ಚಪ್ಪಲಿಗಳ ಹತ್ತಿರ ಕೂತೆ. ನನ್ನ ಜಾಗ ಅದೇ ಆಗಿತ್ತು.

*ಮಲಗಿದ ಧರಣಿ*

ಅವತ್ತೇ ನಿರ್ಧಾರ ಮಾಡಿದೆವು. ಒಂದು ಗಂಟಲು ತೋರಿಸಲು ದಾವಣಗೆರೆಯವರೆಗೆ ಯಾಕೆ ಹೋಗಬೇಕು? ವಾರಕ್ಕೊಂದು ದಿನವಾದರೂ ಗಂಟಲಿನ ಡಾಕ್ಟರು ತಾಲೂಕಿಗೆ ಬರಬೇಕು. ಅರ್ಜಿ ಬರೆದು ಒಂದು ಕಚೇರಿಯ ಮುಂದೆ ಕೂತೆವು. ಯಾವ ಊರಿನ ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿಯ ಅಧಿಕಾರಿ ಒಳ್ಳೆಯವರೇ, ಆದರೆ ಎಷ್ಟು ಧರಣಿ ಮಾಡಿದರೂ ಹೊರಗೆ ಬಂದವರಲ್ಲ. ನಮ್ಮ ಘೋಷಣೆ ಜೋರಾದರೆ ಫ್ಯಾನ್ ಜೋರು ಮಾಡಿಕೊಳ್ಳುತ್ತಿದ್ದರು.

ಅಂದು ಹಾಡುವವಳಿಗೆ ದನಿಯಿಲ್ಲ, ಕೂಗುವವನಿಗೆ ಅನುಮತಿಯಿಲ್ಲ. ಬಂದವರೆಲ್ಲ ಮುಖ ಮುಖ ನೋಡಿಕೊಂಡು ಕೂತರು. ಮಧ್ಯಾಹ್ನವಾಗುತ್ತಾ ಬಂತು, ಊಟಕ್ಕೆ ಇನ್ನೂ ಹೊತ್ತಿತ್ತು. ಅಕ್ಕ ನನ್ನ ಭುಜ ತಟ್ಟಿ ಹೊಟ್ಟೆಯ ಮೇಲೆ ಕೈ ಇಟ್ಟು ತೋರಿಸಿದಳು. ಉಸಿರಿನ ಕಸರತ್ತಿನ ಹೊತ್ತು. ಅಡುಗೆಯ ಹೆಂಗಸರಿಗೂ ಅವಳು ಅದನ್ನು ಸರಿಯಾಗಿ ಕಲಿಸಿದ್ದಳು, ಒಬ್ಬೊಬ್ಬರ ಪಕ್ಕ ಕೂತು, ಕೈ ಹಿಡಿದು. ಎಲ್ಲರೂ ಸೆರಗು ಟವೆಲ್ಲು ಮಡಚಿ ತಲೆಗಿಟ್ಟುಕೊಂಡು ಕಚೇರಿಯ ಮೆಟ್ಟಿಲ ಮುಂದೆ ಸಾಲಾಗಿ ಮಲಗಿದೆವು. ಕಣ್ಣು ಮುಚ್ಚಿದೆವು. ಹೊಟ್ಟೆ ಏಳುತ್ತದೆ, ಇಳಿಯುತ್ತದೆ. ಒಂದು ಶಬ್ದ ಇಲ್ಲ.

ಇಷ್ಟು ವರ್ಷದಲ್ಲಿ ನಮ್ಮ ಧರಣಿಯಲ್ಲಿ ಶಬ್ದ ನಿಂತದ್ದು ಅದೇ ಮೊದಲು. ಒಳಗಿನಿಂದ ಒಬ್ಬ ಗುಮಾಸ್ತ ಬಗ್ಗಿ ನೋಡಿದ. ಅಯ್ಯೋ ಎಲ್ಲಾ ಬಿದ್ದವ್ರೆ ಸಾರ್ ಅಂತ ಕೂಗಿದ್ದು ಕೇಳಿಸಿತು. ಕುರ್ಚಿಗಳು ಹಿಂದೆ ಸರಿದ ಸದ್ದು. ಅಧಿಕಾರಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಓಡಿ ಬಂದರು. ನನ್ನ ಪಕ್ಕ ಮಂಡಿಯೂರಿ ಕೇಳಿದರು, ಎಷ್ಟು ದಿನದಿಂದ ಉಪವಾಸ, ನನಗೆ ಯಾಕೆ ಹೇಳಲಿಲ್ಲ ಅಂತ. ನಾನು ಉಸಿರು ಬಿಡುತ್ತಾ ಎಣಿಸುತ್ತಿದ್ದೆ. ಮಧ್ಯೆ ನಿಲ್ಲಿಸಬಾರದು ಅಂತ ಡಾಕ್ಟರು ಹೇಳಿದ್ದರು. ಉತ್ತರ ಕೊಡಲಿಲ್ಲ. ಅವರು ಅದನ್ನು ಕೊನೆಯ ಹಂತ ಅಂದುಕೊಂಡರು. ನಾನು ಎದೆಯ ಮೇಲೆ ಕೈಯಡಿ ಇಟ್ಟುಕೊಂಡಿದ್ದ ಅರ್ಜಿಯನ್ನು ತಾವೇ ತೆಗೆದುಕೊಂಡು, ಅಲ್ಲೇ ಮೊಣಕಾಲಿನ ಮೇಲಿಟ್ಟು, ಶಿಫಾರಸು ಮಾಡಲಾಗಿದೆ ಅಂತ ಬರೆದು ರುಜು ಹಾಕಿ, ಸೀಲು ತರಿಸಿ ಒತ್ತಿದರು.

ಆಂಬುಲೆನ್ಸ್ ಬಂತು. ಇಳಿದ ನರ್ಸಮ್ಮ ಒಬ್ಬೊಬ್ಬರ ಕೈ ಹಿಡಿದು ನೋಡುತ್ತಾ ಬಂದಳು. ಕೊನೆಗೆ ಬೆವರಿ ಒದ್ದೆಯಾಗಿ ನಿಂತಿದ್ದ ಅಧಿಕಾರಿಯ ತೋಳಿಗೂ ಪಟ್ಟಿ ಕಟ್ಟಿ ನೋಡಿದಳು. “ಸಾರ್, ಇವರೆಲ್ಲ ಗುಂಡುಕಲ್ಲು ಇದ್ದಂಗೆ ಅದಾರೆ. ಬಿಪಿ ಏರಿರೋದು ನಿಮಗೇ.”

ಅಧಿಕಾರಿ ಮೆಟ್ಟಿಲ ಮೇಲೆ ಕುಸಿದು ಕೂತರು. ಬಹಳ ದಿನದಿಂದ ತನಗೂ ಎದೆ ಉರಿಯುತ್ತದೆ, ಏನು ಮಾಡುವುದೋ ತಿಳಿಯದು ಅಂತ ನನ್ನ ಕಡೆ ನೋಡಿದರು. ನಾನು ಎದ್ದು ಕೂತು ಬಾಯಿ ತೆಗೆದೆ. ಅಕ್ಕ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ತಿಂಗಳುಗಳ ಮೇಲೆ ಹುಟ್ಟಿದ ಒರಟು, ಸಣ್ಣ ದನಿಯಲ್ಲಿ ಹೇಳಿದಳು: “ಸಾಹೇಬ್ರೇ, ಇವನೊಬ್ಬನ್ನ ಬಿಟ್ಟು ಯಾರನ್ನಾದ್ರೂ ಕೇಳ್ರಿ.”

ಜನ ನಕ್ಕರು, ಬಂದೋಬಸ್ತಿಗೆ ಬಂದಿದ್ದ ಪೊಲೀಸರು ನಕ್ಕರು, ಅಧಿಕಾರಿಯೂ ನಕ್ಕರು. ನಾನು ನಗಲಿಲ್ಲ. ಹದಿನಾರು ವರ್ಷ ಆ ಬಾಗಿಲ ಮುಂದೆ ಅವಳಿಂದ ಹಾಡಿಸಿದ್ದೆ, ಖಾಲಿ ಹೊಟ್ಟೆಯಲ್ಲಿ, ಬಿಸಿಲಲ್ಲಿ. ಆಗ ಯಾರೂ ಹೊರಗೆ ಬರಲಿಲ್ಲ. ಅವಳ ದನಿ ಸತ್ತ ದಿನ ಬಂದರು.

ಈಗ ಅಕ್ಕ ಮಾತಾಡುತ್ತಾಳೆ. ತಗ್ಗಿನ ಸ್ವರ ಬಂದಿದೆ, ಎತ್ತರದ್ದು ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು, ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅನ್ನುತ್ತಾರೆ ಡಾಕ್ಟರು. ಆ ಮೊದಲಿನ ಹೊತ್ತನ್ನು ನುಂಗಿದ್ದು ನಾನು. ಅರ್ಜಿ ಮೇಲಿನ ಕಚೇರಿಗೆ ಹೋಗಿದೆ. ಗಂಟಲಿನ ಡಾಕ್ಟರು ಇನ್ನೂ ಬಂದಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಮೂರು ವಾರದಿಂದ ದನಿ ಒಡೆದವರು ಇದ್ದಾರೆಯೇ? ದಿನವೂ ಎದೆಯುರಿ ಅಂತ ಅಂಗಡಿಯ ಮಾತ್ರೆ ನುಂಗುವವರು ಇದ್ದಾರೆಯೇ? ಎದೆ ನೋವಿನ ಜೊತೆ ಬೆವರು ಬಂದರೂ ಗ್ಯಾಸು ಅಂತ ಒರಗುವವರು ಇದ್ದಾರೆಯೇ? ಅವರಿಗೆ ಕಸರತ್ತು ಹೇಳಬೇಡಿ. ನಾನು ಬರೆದದ್ದನ್ನೂ ಓದಿ ಹೇಳಬೇಡಿ. ಬೆವರು ಬಂದವರಿದ್ದರೆ ಈ ಗಳಿಗೆಯೇ, ಉಳಿದವರಿದ್ದರೆ ನಾಳೆ ಬೆಳಿಗ್ಗೆ, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಡಾಕ್ಟರಿಲ್ಲ ಅಂದರೆ, ಇಲ್ಲ ಅನ್ನುವುದನ್ನು ಬರೆಸಿಕೊಳ್ಳದೆ ವಾಪಸ್ ಬರಬೇಡಿ.